ಹೊಳೆ ಗದ್ದೆ ಮುಳುಗಿಸಿತು, ದಂಡೆಯನ್ನೂ ತಿಂದಿತು: ಯಾವುದಕ್ಕೆ ವಿಮೆ, ಯಾವುದಕ್ಕೆ ಪರಿಹಾರ?

ಪ್ರಶ್ನೆ: ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರೆ ದಂಡೆಯ ಊರು ನಮ್ಮದು. ನನ್ನ ಹೆಸರಲ್ಲಿ 3 ಎಕರೆ ಗದ್ದೆ ಇದೆ, ಪಕ್ಕದ 2 ಎಕರೆ ಲೀಸಿಗೆ ಮಾಡಿದ್ದೇನೆ. 2025ರ ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟಾಗ ನಾಟಿ ಮಾಡಿದ್ದ ಭತ್ತ ಐದು ದಿನ ನೀರಲ್ಲೇ ನಿಂತಿತ್ತು. ನೀರು ಇಳಿದ ಮೇಲೆ ದಂಡೆ ಕುಸಿದು ನನ್ನ ಅರ್ಧ ಎಕರೆ ಹೊಳೆ ಪಾಲಾಯಿತು. ಮನೆಯ ಹಿಂದಿನ ಗೋಡೆಯೂ ಬಿರುಕು ಬಿಟ್ಟಿದೆ. ಬ್ಯಾಂಕಿನವರು ಬೆಳೆ ವಿಮೆ ಕಂತು ಹಿಡಿದಿದ್ದಾರೆ. ವಿಮೆ ಯಾವುದಕ್ಕೆ ಬರುತ್ತೆ? ಹೋದ ನೆಲಕ್ಕೆ ದುಡ್ಡು ಕೊಡ್ತಾರಾ? ಮುಂದೆ ಮನೆಗೆ ಪ್ರವಾಹ ವಿಮೆ ಮಾಡಿಸಬಹುದಾ? ಅಮೆರಿಕದಲ್ಲಿ ಸರ್ಕಾರವೇ ಪ್ರವಾಹ ವಿಮೆ ಕೊಡುತ್ತದಂತೆ, ನಮ್ಮಲ್ಲಿ ಯಾಕಿಲ್ಲ?
ಒಬ್ಬ ರೈತ, ಸಿರುಗುಪ್ಪ ತಾಲ್ಲೂಕು

ಉತ್ತರ: ನಿಮಗೆ ಇದು ಒಂದೇ ಪ್ರವಾಹ, ಒಂದೇ ನಷ್ಟ. ನಿಯಮಗಳ ಕಣ್ಣಿಗೆ ಮಾತ್ರ ಇದು ಮೂರು ಬೇರೆ ಬೇರೆ ಕೇಸು. ಮುಳುಗಿದ ಬೆಳೆಗೆ ಒಂದು ದಾರಿ, ಹೋದ ನೆಲಕ್ಕೆ ಇನ್ನೊಂದು, ಬಿರುಕು ಬಿಟ್ಟ ಗೋಡೆಗೆ ಮತ್ತೊಂದು. ನಮ್ಮ ಕಡೆ ಬಹಳ ಜನ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಬರೆದು ತಹಶೀಲ್ದಾರ್ ಕಚೇರಿಗೆ ಕೊಟ್ಟು ಬರ್ತಾರೆ. ಆ ಅರ್ಜಿ ಬೆಳೆ ಪರಿಹಾರದ ಕಟ್ಟಿಗೆ ಸೇರುತ್ತೆ. ನೆಲದ ವಿಷಯ, ಗೋಡೆಯ ವಿಷಯ ಅಲ್ಲೇ ಉಳಿಯುತ್ತೆ. ಮೂರಕ್ಕೂ ಮೂರು ಅರ್ಜಿ ಕೊಡಿ, ಮೂರಕ್ಕೂ ಸ್ವೀಕೃತಿ ತಗೊಳ್ಳಿ.

ಮೊದಲು ಬೆಳೆ ವಿಮೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಇದೆ. ಮುಂಗಾರಿಗೆ ರೈತನ ಪಾಲು ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5. ಉಳಿದ ಕಂತನ್ನು ಕೇಂದ್ರ, ರಾಜ್ಯ ಸರ್ಕಾರಗಳು ಕಟ್ಟುತ್ತವೆ. 'ಕಂತು ಹಿಡಿದಿದ್ದಾರೆ, ಗದ್ದೆ ಮುಳುಗಿದೆ, ಹಾಗಾದ್ರೆ ದುಡ್ಡು ಬರಬೇಕಲ್ವಾ' ಅಂತ ನೀವು ಅಂದುಕೊಂಡಿದ್ದೀರಿ. ಭತ್ತದ ವಿಷಯದಲ್ಲಿ ಅದು ಅಷ್ಟು ನೇರ ಇಲ್ಲ.

ಈ ಯೋಜನೆಯಲ್ಲಿ ಒಬ್ಬೊಬ್ಬ ರೈತನ ಹೊಲ ನೋಡಿ ದುಡ್ಡು ಕೊಡುವ ಅವಕಾಶ ಇರುವುದು ಕೆಲವೇ ನಷ್ಟಗಳಿಗೆ: ಆಲಿಕಲ್ಲು ಮಳೆ, ಭೂಕುಸಿತ, ಹೊಲದಲ್ಲಿ ನೀರು ನಿಲ್ಲುವುದು, ಮೇಘಸ್ಫೋಟ, ಸಿಡಿಲಿನಿಂದ ಬೆಂಕಿ. ಇದಕ್ಕೆ 72 ಗಂಟೆಯೊಳಗೆ ತಿಳಿಸಬೇಕು. ತೊಗರಿ, ಹತ್ತಿ, ಮೆಕ್ಕೆಜೋಳ ಹಾಕಿದವರಿಗೆ ನೀರು ನಿಂತ ನಷ್ಟ ಇದರಲ್ಲಿ ಬರುತ್ತೆ. ಆದರೆ 2018ರಲ್ಲಿ ಮಾರ್ಗಸೂಚಿ ಬದಲಾದಾಗ ಭತ್ತ, ಕಬ್ಬು, ಸೆಣಬಿನಂಥ ನೀರು ಬೇಡುವ ಬೆಳೆಗಳನ್ನು ನೀರು ನಿಲ್ಲುವ ಅಂಶದಿಂದ ಕೈಬಿಟ್ಟರು. ನೀರಲ್ಲೇ ಬೆಳೆಯುವ ಬೆಳೆ ನೀರಿಂದ ಹಾಳಾಯಿತು ಅಂತ ಅಳೆಯುವುದು ಹೇಗೆ ಅನ್ನುವುದು ಅವರ ವಾದ. ಮೊಣಕಾಲುದ್ದದ ಪೈರಿನ ಮೇಲೆ ಆಳೆತ್ತರ ಕೆಂಪು ನೀರು ಐದು ದಿನ ನಿಂತರೆ ಏನಾಗುತ್ತೆ ಅಂತ ಗಂಗಾವತಿ, ಕಾರಟಗಿ, ಸಿರುಗುಪ್ಪದ ಯಾವ ರೈತನನ್ನು ಕೇಳಿದ್ದರೂ ಹೇಳುತ್ತಿದ್ದ. ಭತ್ತವೇ ಮುಖ್ಯ ಬೆಳೆಯಾದ ನಮ್ಮ ನದಿ ಪಾತ್ರಕ್ಕೆ ಆ ತಿದ್ದುಪಡಿ ಅನ್ಯಾಯವೇ ಆಗಿತ್ತು ಅನ್ನುವುದು ನನ್ನ ಅಭಿಪ್ರಾಯ.

2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಭತ್ತದ ಗದ್ದೆ ಮುಳುಗಡೆಯನ್ನು 2026ರ ಮುಂಗಾರಿನಿಂದ ಮತ್ತೆ ಸೇರಿಸುವುದಾಗಿ ಪ್ರಕಟಿಸಿತು. ಕಾಡುಪ್ರಾಣಿ ಹಾವಳಿಯನ್ನೂ ಅದರ ಜೊತೆ ಸೇರಿಸಿದ್ದಾರೆ. ನಿಮ್ಮ ನಷ್ಟ ಅದಕ್ಕೆ ಮುಂಚಿನದು. ಹಾಗಾಗಿ ನಿಮ್ಮ ಹೊಲ ಒಂದನ್ನೇ ನೋಡಿ ವಿಮೆ ಕೊಡುವ ಬಾಗಿಲು ಆ ವರ್ಷಕ್ಕೆ ಮುಚ್ಚಿತ್ತು.

ಉಳಿದಿರುವುದು ಇಳುವರಿ ಲೆಕ್ಕ. ಭತ್ತಕ್ಕೆ ವಿಮಾ ಘಟಕ ಸಾಮಾನ್ಯವಾಗಿ ಗ್ರಾಮ ಪಂಚಾಯಿತಿ. ಪಂಚಾಯಿತಿಯಲ್ಲಿ ಲಾಟರಿಯಂತೆ ಸರ್ವೆ ನಂಬರ್ ಆರಿಸಿ, ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡ್ತಾರೆ. ಗದ್ದೆಯ ಒಂದು ಸಣ್ಣ ಚೌಕ ಅಳೆದು, ಅಷ್ಟರದ್ದು ಮಾತ್ರ ಕೊಯ್ದು, ಬಡಿದು, ತೂಗುತ್ತಾರೆ. ಅದರ ಸರಾಸರಿಯೇ ಇಡೀ ಪಂಚಾಯಿತಿಯ ಇಳುವರಿ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿ ತೆಗೆದು, ಅದರ ಇಷ್ಟು ಪಾಲು ಅಂತ ಒಂದು ಗೆರೆ ಹಾಕಿರುತ್ತಾರೆ. ಉದಾಹರಣೆಗೆ ಆ ಗೆರೆ ಎಕರೆಗೆ 32 ಚೀಲ ಅಂತಿಟ್ಟುಕೊಳ್ಳಿ. ಪ್ರಯೋಗದಲ್ಲಿ 24 ಚೀಲ ಬಂದರೆ ಕಾಲು ಭಾಗ ಕಮ್ಮಿ. ಪಂಚಾಯಿತಿಯಲ್ಲಿ ವಿಮೆ ಮಾಡಿದ ಎಲ್ಲರಿಗೂ ವಿಮಾ ಮೊತ್ತದ ಶೇ 25 ಬರುತ್ತೆ. 32 ದಾಟಿದರೆ ಯಾರಿಗೂ ಏನೂ ಇಲ್ಲ.

ಹೊಳೆ ದಂಡೆಯವರಿಗೆ ಪೆಟ್ಟು ಬೀಳುವುದು ಇಲ್ಲೇ. ನದಿಗೆ ಹತ್ತಿದ ಗದ್ದೆ ಪಂಚಾಯಿತಿಯ ಒಟ್ಟು ಭತ್ತದಲ್ಲಿ ಒಂದು ಪಟ್ಟಿಯಷ್ಟೇ. ಪ್ರಯೋಗದ ಸರ್ವೆ ನಂಬರ್‌ಗಳು ಕಾಲುವೆ ಕಡೆಯ ಗದ್ದೆಗಳಲ್ಲಿ ಬಿದ್ದರೆ ಇಳುವರಿ ಭರ್ತಿ ಬರುತ್ತೆ. ನಿಮ್ಮ ಗದ್ದೆ ಕೊಳೆತಿದ್ದರೂ ಕಾಗದದ ಮೇಲೆ ಪಂಚಾಯಿತಿಗೆ ನಷ್ಟವೇ ಇಲ್ಲ. ವಿಮೆ ಬರಲಿಲ್ಲ ಅಂದರೆ ಬ್ಯಾಂಕಿನವರು ಮೋಸ ಮಾಡಿದರು ಅಂತ ಮೊದಲೇ ಜಗಳಕ್ಕೆ ಹೋಗಬೇಡಿ. ರಾಜ್ಯದ ಬೆಳೆ ವಿಮೆಯ 'ಸಂರಕ್ಷಣೆ' ಪೋರ್ಟಲ್‌ನಲ್ಲಿ ನಿಮ್ಮ ಅರ್ಜಿ ತೆಗೆಸಿ ನೋಡಿ. ಸರ್ವೆ ನಂಬರ್, ಬೆಳೆ ಹೆಸರು, ವಿಸ್ತೀರ್ಣ ಮೂರೂ ಸರಿ ಇವೆಯಾ? ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಭತ್ತ ಅಂತಲೇ ದಾಖಲಾಗಿದೆಯಾ? ವಿಮೆ ಒಂದು ಬೆಳೆಗೆ, ಸಮೀಕ್ಷೆಯಲ್ಲಿ ಇನ್ನೊಂದು ಬೆಳೆ ಇದ್ದರೆ ಕ್ಲೇಮು ಅಲ್ಲೇ ತಿರಸ್ಕಾರ. ಇದು ಸರಿ ಇದ್ದೂ ದುಡ್ಡು ಬಂದಿಲ್ಲ ಅಂದರೆ ಜಿಲ್ಲಾ ಮಟ್ಟದ ಕುಂದುಕೊರತೆ ಸಮಿತಿಗೆ ಬರೆಯಿರಿ.

ಈಗ ಸರ್ಕಾರದ ಪರಿಹಾರ. ಇದು ವಿಮೆ ಅಲ್ಲ, ಕಂತಿಗೂ ಇದಕ್ಕೂ ಸಂಬಂಧ ಇಲ್ಲ. ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ ಕೊಡುವುದು. 2022ರಿಂದ 2026ರವರೆಗಿನ ಕೇಂದ್ರದ ದರಪಟ್ಟಿಯಲ್ಲಿ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾಗಿದ್ದರೆ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಎರಡು ಹೆಕ್ಟೇರ್ ತನಕ ಮಾತ್ರ. 2025ರ ಮಳೆಗಾಲದ ನಷ್ಟಕ್ಕೆ ರಾಜ್ಯ ಸರ್ಕಾರ ಇದರ ಮೇಲೆ ಹೆಕ್ಟೇರಿಗೆ 8,500 ಹೆಚ್ಚುವರಿ ಘೋಷಿಸಿತ್ತು. ಅಂದರೆ ನೀರಾವರಿಗೆ 25,500. ಎಕರೆಗೆ ಇಳಿಸಿದರೆ ಹತ್ತು ಸಾವಿರದ ಮೇಲೆ ಸ್ವಲ್ಪ. ನಾಟಿಗೆ, ಗೊಬ್ಬರಕ್ಕೆ ನೀವು ಹಾಕಿದ್ದರ ಮುಂದೆ ಇದು ಏನೇನೂ ಅಲ್ಲ, ಗೊತ್ತು. ಆದರೆ ಬಿಡಬೇಡಿ.

ಡ್ಯಾಮಿನವರು ನೀರು ಬಿಟ್ಟಿದ್ದು, ಇದು ಪ್ರಕೃತಿ ವಿಕೋಪ ಅಲ್ಲ, ಪರಿಹಾರ ಸಿಗಲ್ಲ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ತುಂಗಭದ್ರಾ ಡ್ಯಾಮಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೇದು 2024ರ ಆಗಸ್ಟ್ 10ರ ರಾತ್ರಿ ಚೈನು ಕಡಿದು ಕೊಚ್ಚಿ ಹೋಯಿತಲ್ಲ. ಅದಾದ ಮೇಲೆ 2025ರಲ್ಲಿ ಡ್ಯಾಮನ್ನು ಪೂರ್ತಿ 105 ಟಿಎಂಸಿ ತುಂಬಿಸದೆ 80ರ ಆಸುಪಾಸಿನಲ್ಲೇ ಇಟ್ಟುಕೊಂಡರು. ಹಿಡಿದಿಡುವ ಜಾಗ ಕಮ್ಮಿ ಆದಾಗ ಬಂದ ನೀರು ಬಂದ ಹಾಗೇ ಕೆಳಗೆ ಹೋಗಬೇಕು. ಕಂಪ್ಲಿ ಸೇತುವೆ ಮೇಲೆ ನೀರು ಬಂತು ಅಂದರೆ ಕೆಳಗಿನವರು ಪಂಪ್‌ಸೆಟ್ ಮೇಲೆತ್ತಿಕೊಳ್ಳುವುದು ಹಳೇ ರೂಢಿ. ಕೃಷ್ಣೆ ಕಡೆಯೂ ಹಾಗೇ. ನಾರಾಯಣಪುರದಿಂದ ಬಿಟ್ಟ ನೀರಿಗೆ ದೇವದುರ್ಗದ ಹೂವಿನಹೆಡಗಿ ಸೇತುವೆ, ಲಿಂಗಸುಗೂರಿನ ಶೀಲಹಳ್ಳಿ ಸೇತುವೆ ಮುಳುಗುತ್ತವೆ. ಅಲ್ಲಿನವರಿಗೂ ಇದೇ ನಿಧಿಯಿಂದ ಪರಿಹಾರ ಕೊಟ್ಟಿದ್ದಾರೆ. ಪ್ರವಾಹ ಅಂದರೆ ಪ್ರವಾಹ. ಗೇಟಿನಿಂದ ಬಂತೋ ಮೋಡದಿಂದ ಬಂತೋ ಅಂತ ದರಪಟ್ಟಿ ಕೇಳುವುದಿಲ್ಲ.

ಲೀಸಿನ 2 ಎಕರೆ ಮಾತ್ರ ತಲೆನೋವು. ಸರ್ಕಾರದ ಪರಿಹಾರ ಪಹಣಿ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ನೋಡಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತೆ. ಅಂದರೆ ಹೊಲದ ಯಜಮಾನನಿಗೆ. ನಷ್ಟ ನಿಮ್ಮದು, ದುಡ್ಡು ಅವರದು. ಬೆಳೆ ವಿಮೆಯನ್ನು ಗೇಣಿದಾರರೂ ಮಾಡಿಸಬಹುದು, ಆದರೆ ಕರಾರು ಪತ್ರ ಬೇಕು. ನಮ್ಮ ಕಡೆ ಲೀಸು ಬಾಯಿಮಾತಿನಲ್ಲೇ ನಡೆಯುತ್ತೆ. ಪತ್ರ ಕೇಳಿದರೆ ಯಜಮಾನರಿಗೆ ಹೊಲ ಹೋದೀತು ಅನ್ನುವ ಭಯ. ಕನಿಷ್ಠ 'ಪರಿಹಾರ ಬಂದರೆ ಬೆಳೆ ಇಟ್ಟವನಿಗೆ' ಅಂತ ನಾಲ್ಕು ಜನರ ಮುಂದೆ ಮಾತಾಡಿಕೊಂಡಿರಿ. ಕಾನೂನಿನಲ್ಲಿ ಅದಕ್ಕೆ ಬಲ ಕಮ್ಮಿ. ಊರಲ್ಲಿ ಸ್ವಲ್ಪ ನಡೆಯುತ್ತೆ.

ಇನ್ನು ಹೋದ ಅರ್ಧ ಎಕರೆ. ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಕಷ್ಟದ್ದು ಇದೇ. ಬೆಳೆ ಮುಂದಿನ ವರ್ಷ ಬರುತ್ತೆ, ನೆಲ ಬರಲ್ಲ.

ದಂಡೆ ನೀರು ಏರುವಾಗ ಬೀಳುವುದಕ್ಕಿಂತ ಇಳಿಯುವಾಗ ಜಾಸ್ತಿ ಬೀಳುತ್ತೆ. ನೀವೇ ನೋಡಿದ್ದೀರಿ. ಹೊಳೆ ತುಂಬಿ ಹರಿಯುವಾಗ ಎರೆ ಮಣ್ಣಿನ ದಂಡೆ ನೀರು ಕುಡಿದು ಭಾರ ಆಗುತ್ತೆ. ಆಗ ಹೊಳೆಯ ನೀರೇ ಅದನ್ನು ಒತ್ತಿ ಹಿಡಿದಿರುತ್ತೆ. ಗೇಟು ಇಳಿಸಿದಾಗ ಹೊಳೆಯ ಮಟ್ಟ ಒಂದೆರಡು ದಿನದಲ್ಲಿ ಸರ್‍ರನೆ ಇಳಿಯುತ್ತೆ. ಮಣ್ಣೊಳಗಿನ ನೀರು ಅಷ್ಟು ಬೇಗ ಹೊರಗೆ ಬರಲ್ಲ. ಒತ್ತಿ ಹಿಡಿಯುವವರಿಲ್ಲ, ಒಳಗೆ ಭಾರ. ದಂಡೆಗೆ ಸಮನಾಗಿ, ನಾಲ್ಕೈದು ಅಡಿ ಒಳಗೆ ಉದ್ದಕ್ಕೆ ಒಂದು ಬಿರುಕು ಕಾಣುತ್ತೆ. ಆಮೇಲೆ ಆ ಪಟ್ಟಿ ಪಟ್ಟಿಯೇ ಜಾರಿ ಹೊಳೆಗೆ ಕೂರುತ್ತೆ. ಬುಡದಲ್ಲಿ ಮರಳು ತೆಗೆದಿದ್ದರಂತೂ ಕೇಳುವುದೇ ಬೇಡ. ಬಿರುಕು ಕಂಡ ದಿನವೇ ಅದರ ಪಕ್ಕ ಒಂದು ಗೂಟ ಬಡಿದು, ಹಿಂದೆ ಗುರುತಿನ ಮರವೋ ಕರೆಂಟ್ ಕಂಬವೋ ಕಾಣುವ ಹಾಗೆ ಫೋಟೊ ತೆಗೆದಿಡಿ. ಬಿದ್ದ ಮೇಲೆ ತೆಗೆದ ಫೋಟೊದಲ್ಲಿ ಬರೀ ಹೊಳೆ ಕಾಣುತ್ತೆ. ನಿಮ್ಮ ಹೊಲ ಎಲ್ಲಿತ್ತು ಅಂತ ಅದು ಹೇಳಲ್ಲ.

ಅದೇ ದರಪಟ್ಟಿಯಲ್ಲಿ ನೆಲಕ್ಕೆ ಎರಡು ಸಾಲುಗಳಿವೆ. ಹೊಲದ ಮೇಲೆ ಮೂರು ಅಂಗುಲಕ್ಕಿಂತ ಜಾಸ್ತಿ ಮರಳು, ಹೂಳು ಬಂದು ಕೂತಿದ್ದರೆ ತೆಗೆಯಲು ಹೆಕ್ಟೇರಿಗೆ 18,000. ಭೂಕುಸಿತದಿಂದಲೋ, ನದಿ ಪಾತ್ರ ಬದಲಾಗಿಯೋ ಜಮೀನಿನ ಗಣನೀಯ ಭಾಗ ಹೋಗಿದ್ದರೆ ಹೆಕ್ಟೇರಿಗೆ 47,000. ಎರಡನೆಯದು ಸಣ್ಣ, ಅತಿ ಸಣ್ಣ ರೈತರಿಗೆ ಮಾತ್ರ. ಅಂದರೆ ಎರಡು ಹೆಕ್ಟೇರ್ ಒಳಗಿನವರು, ಕಂದಾಯ ದಾಖಲೆಯಲ್ಲಿ ಹೆಸರಿರುವವರು. ನೀವು ಅದರಲ್ಲಿ ಬರುತ್ತೀರಿ. ನಿಮ್ಮ ಅರ್ಧ ಎಕರೆಗೆ ಲೆಕ್ಕ ಹಾಕಿದರೆ ಸುಮಾರು 9,500 ರೂಪಾಯಿ. ನದಿ ಪಕ್ಕದ ನೀರಾವರಿ ಗದ್ದೆಯ ಬೆಲೆ ನಿಮಗೆ ಗೊತ್ತು, ನಾನು ಹೇಳಬೇಕಿಲ್ಲ.

ಇದರಲ್ಲೂ ಒಂದು ತೊಡಕಿದೆ. ವಿಪತ್ತು ನಿಧಿಗೆ ಕೇಂದ್ರ ಒಪ್ಪಿರುವ ವಿಪತ್ತುಗಳ ಪಟ್ಟಿಯಲ್ಲಿ ಪ್ರವಾಹ, ಬರ, ಭೂಕಂಪ, ಭೂಕುಸಿತ, ಆಲಿಕಲ್ಲು ಎಲ್ಲ ಇವೆ. ಕೊರೆತ ಅನ್ನುವ ಹೆಸರೇ ಇಲ್ಲ. ಸಮುದ್ರ ಕೊರೆತವೂ ಇಲ್ಲ, ನದಿ ಕೊರೆತವೂ ಇಲ್ಲ. ಉಳ್ಳಾಲದ ಕಡಲ ದಂಡೆಯವರೂ ನೀವೂ ಈ ವಿಷಯದಲ್ಲಿ ಒಂದೇ ಪಂಕ್ತಿ. ಹಾಗಾಗಿ ಅರ್ಜಿಯಲ್ಲಿ 'ನದಿ ಕೊರೆತದಿಂದ ಜಮೀನು ಹೋಯಿತು' ಅಂತಷ್ಟೇ ಬರೆದರೆ ಇದು ನಮ್ಮ ಪಟ್ಟಿಯಲ್ಲಿಲ್ಲ ಅಂತ ವಾಪಸ್ ಬರಬಹುದು. ಆದದ್ದನ್ನು ಆದ ಹಾಗೆಯೇ ಬಿಡಿಸಿ ಬರೆಯಿರಿ: ಇಂಥ ದಿನಾಂಕಗಳಲ್ಲಿ ಪ್ರವಾಹ ಬಂತು, ಆ ಪ್ರವಾಹದಿಂದ ದಂಡೆ ಕುಸಿಯಿತು, ನದಿ ಈಗ ನನ್ನ ಸರ್ವೆ ನಂಬರ್ ಒಳಗೆ ಹರಿಯುತ್ತಿದೆ. ವರ್ಷ ವರ್ಷ ಅಂಗುಲ ಅಂಗುಲ ಸವೆದ ನೆಲಕ್ಕೆ ಈ ದಾರಿಯಲ್ಲಿ ದುಡ್ಡಿಲ್ಲ. ಒಂದು ಪ್ರವಾಹದಲ್ಲಿ ಹೋದದ್ದಕ್ಕೆ ಇದೆ.

ಕೊರೆತಕ್ಕೆ ಬೇರೆ ಹಣ ಇಡಬೇಕು ಅಂತ 15ನೇ ಹಣಕಾಸು ಆಯೋಗ ಹೇಳಿತ್ತು. 2021ರಿಂದ 26ರ ಅವಧಿಗೆ ಕೊರೆತ ತಡೆಯಲು 1,500 ಕೋಟಿ, ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ. ಇಡೀ ದೇಶಕ್ಕೆ, ಸಮುದ್ರ ಮತ್ತು ನದಿ ಎರಡಕ್ಕೂ ಸೇರಿ ಇಷ್ಟು. ಇದು ಒಬ್ಬ ರೈತ ಅರ್ಜಿ ಹಾಕಿ ತರುವ ದುಡ್ಡಲ್ಲ. ರಾಜ್ಯ ಯೋಜನೆ ಮಾಡಿ ಕಳಿಸಬೇಕು. ಅದಕ್ಕೆ ಊರಿನ ಕಡೆಯಿಂದ ಒಂದು ಕಾಗದ ಹೊರಡಬೇಕು. ಗ್ರಾಮ ಸಭೆಯಲ್ಲಿ ಠರಾವು ಮಾಡಿಸಿ, ಎಷ್ಟು ಮೀಟರ್ ದಂಡೆ ಬಿದ್ದಿದೆ, ಎಷ್ಟು ಮನೆಗೆ ಅಪಾಯ ಇದೆ ಅಂತ ಬರೆದು ಜಿಲ್ಲಾಧಿಕಾರಿಗೆ ಕೊಡಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಹೊಲ ಹೋಗುತ್ತಿದೆ ಅನ್ನುವುದಕ್ಕಿಂತ ಊರು, ರಸ್ತೆ, ಶಾಲೆ ಹೋಗುತ್ತಿದೆ ಅಂದರೆ ತಡೆಗೋಡೆ ಬೇಗ ಮಂಜೂರಾಗುತ್ತೆ. ಕಹಿ ಅನಿಸಿದರೂ ನಡೆಯುವುದು ಹಾಗೇ.

ಮನೆಯ ವಿಷಯಕ್ಕೆ ಬರೋಣ. ಹೌದು, ಪ್ರವಾಹಕ್ಕೆ ಮನೆ ವಿಮೆ ಇದೆ. ಪ್ರವಾಹಕ್ಕೆ ಅಂತಲೇ ಬೇರೆ ಕೇಳಬೇಕಿಲ್ಲ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ಮಾದರಿಯ ಪಾಲಿಸಿ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶ ಇದೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ನೀರು ನುಗ್ಗುವುದು ಎಲ್ಲ ಅದರೊಳಗೇ ಇವೆ. ಲೆಕ್ಕ ಹಾಕುವುದು ಮನೆ ಮತ್ತೆ ಕಟ್ಟಲು ಎಷ್ಟು ಖರ್ಚು ಅನ್ನುವುದರ ಮೇಲೆ. ಜಾಗದ ಬೆಲೆ ಅದರಲ್ಲಿ ಸೇರಲ್ಲ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ತನಕ, ತಾನಾಗಿಯೇ ಸೇರುತ್ತೆ.

ಆದರೆ ಪಾಲಿಸಿ ಪುಸ್ತಕ ಕೈಗೆ ಬಂದಾಗ ಮೊದಲ ಹಾಳೆಯ ಬಣ್ಣದ ಚಿತ್ರ ಬಿಟ್ಟು ಒಳಗೆ ಓದಿ. ನೆಲ ಕುಸಿತ, ಭೂಕುಸಿತಕ್ಕೆ ರಕ್ಷಣೆ ಇದೆ ಅಂತ ಒಂದು ಕಡೆ ಇರುತ್ತೆ. ಅದರ ಪಕ್ಕದಲ್ಲೇ ಯಾವುದಕ್ಕೆ ಕೊಡಲ್ಲ ಅನ್ನುವ ಪಟ್ಟಿ ಇರುತ್ತೆ. ಹೊಸ ಕಟ್ಟಡ ಕೂತು ಬರುವ ಬಿರುಕು, ತುಂಬಿದ ಮಣ್ಣು ಜಗ್ಗುವುದು, ಕಳಪೆ ಕೆಲಸ, ನೆಲ ಅಗೆತ. ಅದೇ ಪಟ್ಟಿಯಲ್ಲಿ ಕಡಲ ಅಥವಾ ನದಿಯ ಕೊರೆತ ಅಂತಲೂ ಇದೆ. ಹೊಳೆ ದಂಡೆಯಲ್ಲಿ ಮನೆ ಇರುವವರಿಗೆ ಇಡೀ ಪಾಲಿಸಿಯಲ್ಲಿ ಇದಕ್ಕಿಂತ ಮುಖ್ಯವಾದ ಸಾಲು ಇಲ್ಲ.

ವಿಮಾ ಕಂಪನಿಯ ಸರ್ವೇಯರ್ ಬಂದಾಗ ನೋಡುವುದು ಇದನ್ನೇ. ನೀರು ಮನೆಗೆ ನುಗ್ಗಿ, ಗೋಡೆ ನೆನೆದು ಬಿದ್ದಿದ್ದರೆ ಪ್ರವಾಹ, ಕ್ಲೇಮು ಆಗುತ್ತೆ. ನೀರು ಮನೆ ತನಕ ಬರದೆ, ಹಿತ್ತಲ ದಂಡೆ ಜಾರಿ, ಪಾಯ ಗಾಳಿಯಲ್ಲಿ ನಿಂತು ಗೋಡೆ ಬಿರಿದಿದ್ದರೆ ಕೊರೆತ ಅಂತ ತಿರಸ್ಕರಿಸಬಹುದು. ಎರಡೂ ಆಗಿದ್ದಾಗಲೇ ವಾದ. ಆಗ ನಿಮ್ಮ ಕೈಯಲ್ಲಿರುವ ಸಾಕ್ಷಿ ಗೋಡೆ ಮೇಲಿನ ಕೆಸರಿನ ಗೆರೆ. ನೀರು ಇಳಿದ ತಕ್ಷಣ ಮನೆಯವರು ಸುಣ್ಣ ಹೊಡೆಸಿಬಿಡ್ತಾರೆ. ತಡೆಯಿರಿ. ಒಳಗೆ, ಹೊರಗೆ ಎರಡೂ ಕಡೆ ಗೆರೆಯ ಪಕ್ಕ ಅಳತೆ ಟೇಪು ಹಿಡಿದು, ದಿನಾಂಕ ಬರುವ ಹಾಗೆ ಫೋಟೊ ತೆಗೆಯಿರಿ. ಕಂಪನಿ ಒಪ್ಪದಿದ್ದರೆ ಮೊದಲು ಅವರಿಗೇ ಲಿಖಿತ ದೂರು, ಆಮೇಲೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರು ಕೇಳುವ ಅಧಿಕಾರಿ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ನಿಮ್ಮ ಈಗಿನ ಬಿರುಕಿಗೆ ಈಗ ಪಾಲಿಸಿ ಮಾಡಿಸಿದರೆ ಪ್ರಯೋಜನ ಇಲ್ಲ. ಮೊದಲೇ ಆದ ಹಾನಿ ಅದರಲ್ಲಿ ಬರಲ್ಲ. ರಿಪೇರಿ ಮಾಡಿಸಿ, ಫೋಟೊ ಇಟ್ಟುಕೊಂಡು, ಆಮೇಲೆ ಮಾಡಿಸಿ. ಮಣ್ಣಿನ ಮಾಳಿಗೆಯೋ ಆರ್‌ಸಿಸಿಯೋ ಅನ್ನುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಏಜೆಂಟ್ ಸುಮ್ನೆ ಆರ್‌ಸಿಸಿ ಅಂತ ಟಿಕ್ ಹಾಕಿದರೆ ಕ್ಲೇಮಿನ ದಿನ ಅನುಭವಿಸುವವರು ನೀವು. ನದಿ ದಂಡೆಯ ಪಂಪ್‌ಸೆಟ್ ಮನೆ ಪಾಲಿಸಿಯಲ್ಲಿ ಬರಲ್ಲ. ಅದಕ್ಕೆ ಬೇರೆ ಪಾಲಿಸಿ ಇದೆ, ಪ್ರವಾಹ ಸೇರಿದೆಯಾ ಅಂತ ಕೇಳಿಯೇ ದುಡ್ಡು ಕಟ್ಟಿ.

ಸರ್ಕಾರದ ದರಪಟ್ಟಿಯಲ್ಲಿ ಪೂರ್ತಿ ಬಿದ್ದ ಮನೆಗೆ ಬಯಲು ಸೀಮೆಯಲ್ಲಿ 1,20,000. ಕನಿಷ್ಠ ಶೇ 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. 2019ರ ಪ್ರವಾಹದಲ್ಲಿ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಕೊಟ್ಟಿತ್ತು. ಆದರೆ ಅದು ಆ ವರ್ಷದ ಆದೇಶ, ಪ್ರತಿ ವರ್ಷದ ನಿಯಮ ಅಲ್ಲ. ಬಿರುಕಿನ ಗೋಡೆಗೆ ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಎಂಜಿನಿಯರ್ ಮೂವರೂ ನೋಡಿ ಶೇಕಡಾವಾರು ಬರೆಯಬೇಕು. ಅಂಥ ವರದಿ ಆಗಿದೆಯಾ ಅಂತ ಮೊದಲು ವಿಚಾರಿಸಿ.

ಅಮೆರಿಕದ ಮಾತು ನಿಜ. 1968ರಿಂದ ಅಲ್ಲಿ ರಾಷ್ಟ್ರೀಯ ಪ್ರವಾಹ ವಿಮಾ ಕಾರ್ಯಕ್ರಮ ಇದೆ. ಮನೆ ಕಟ್ಟಡಕ್ಕೆ ಎರಡೂವರೆ ಲಕ್ಷ ಡಾಲರ್ ತನಕ. ಪ್ರವಾಹದ ಅಲೆ, ಸೆಳೆತಕ್ಕೆ ದಂಡೆ ಕುಸಿದು ಕಟ್ಟಡಕ್ಕೆ ಹಾನಿಯಾದರೂ ಅಲ್ಲಿ ಅದು ಪ್ರವಾಹದ ನಷ್ಟವೇ. ನಿಧಾನ ಕೊರೆತಕ್ಕೆ ಅಲ್ಲೂ ಇಲ್ಲ, ಹೋದ ನೆಲಕ್ಕೆ ಅಲ್ಲೂ ಇಲ್ಲ. ಅದಕ್ಕೊಂದು ಷರತ್ತಿದೆ: ಊರಿನ ಆಡಳಿತ ನದಿ ಬಯಲಲ್ಲಿ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಅಂತ ಕಟ್ಟುನಿಟ್ಟು ಮಾಡಿದರೆ ಮಾತ್ರ ಆ ಊರಿಗೆ ವಿಮೆ. ನಮ್ಮಲ್ಲಿ ಕೇಂದ್ರ ಸರ್ಕಾರ 1975ರಲ್ಲೇ ಇಂಥದ್ದೊಂದು ಮಾದರಿ ಮಸೂದೆ ಮಾಡಿ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆ ರಾಜ್ಯಗಳು ಕಾನೂನು ಮಾಡಿದವು, ಉಳಿದವು ಕೈ ಹಾಕಲಿಲ್ಲ. ಹೊಳೆ ಪಕ್ಕ ಲೇಔಟ್ ಬೇಡ ಅನ್ನಲು ಯಾರಿಗೂ ಮನಸ್ಸಿಲ್ಲದಿರುವಾಗ ಸರ್ಕಾರಿ ಪ್ರವಾಹ ವಿಮೆ ಸದ್ಯಕ್ಕೆ ಬರುವ ಲಕ್ಷಣ ನನಗಂತೂ ಕಾಣುತ್ತಿಲ್ಲ.

ಈಗ ನೀವು ಮಾಡಬೇಕಾದ ಕೆಲಸ ಒಂದಿದೆ. ಅದಕ್ಕೆ ಬೇಸಿಗೆಯೇ ಸರಿಯಾದ ಕಾಲ, ಹೊಳೆ ಇಳಿದು ಪಾತ್ರ ಕಾಣುತ್ತಿರುತ್ತೆ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಅಳತೆಗೆ, ಅರ್ಜಿ ಹಾಕಿ. ಗಡಿಯ ಬಾಂದುಕಲ್ಲು ಹೊಳೆಗೆ ಹೋಗಿದ್ದರೂ ಟಿಪ್ಪಣಿ (ಮೂಲ ಅಳತೆಯ ದಾಖಲೆ) ಸರ್ವೆ ಇಲಾಖೆಯಲ್ಲಿರುತ್ತೆ. ಭೂಮಾಪಕರು ಉಳಿದ ಕಲ್ಲುಗಳಿಂದ ಅಳೆದು ಎಷ್ಟು ಗುಂಟೆ ನೀರಿನೊಳಗಿದೆ ಅಂತ ನಕ್ಷೆ ಮಾಡಿಕೊಡುತ್ತಾರೆ. ಅಕ್ಕಪಕ್ಕದವರ ಸಹಿ ಇರುವ ಪಂಚನಾಮೆಯನ್ನೂ ಮಾಡಿಸಿ. ಈ ನಕ್ಷೆ ಇಲ್ಲದೆ ಕೊಟ್ಟ 47,000ದ ದರದ ಅರ್ಜಿ ನಿಲ್ಲುವುದಿಲ್ಲ. ಹೋದ ಭಾಗವನ್ನು ಪಹಣಿಯಲ್ಲಿ ಖರಾಬಿಗೆ (ಸಾಗುವಳಿಗೆ ಬಾರದ ನೆಲಕ್ಕೆ) ಸೇರಿಸೋಣ ಅಂತ ಯಾರಾದರೂ ಹೇಳಿದರೆ ಪರಿಹಾರದ ಆದೇಶ ಕೈಗೆ ಬರುವ ತನಕ ಒಪ್ಪಬೇಡಿ. ನದಿ ಮುಂದೆ ಯಾವಾಗಲೋ ಆಚೆ ಸರಿದು ನೆಲ ಮತ್ತೆ ತೇಲಿದರೆ ಅದು ಯಾರದ್ದು ಅನ್ನುವ ಜಗಳದಲ್ಲೂ ಇದೇ ನಕ್ಷೆ ಬೇಕಾಗುತ್ತೆ. ಬರುವ ಮುಂಗಾರಿಗೆ ಭತ್ತಕ್ಕೆ ವಿಮೆ ಮಾಡಿಸುವಾಗ ಹೋದ ಅರ್ಧ ಎಕರೆ ಬಿಟ್ಟು ಉಳಿದದ್ದಕ್ಕೆ ಮಾತ್ರ ಕಟ್ಟಿ. ಗದ್ದೆ ಮತ್ತೆ ಮುಳುಗಿದರೆ ಬೆಳೆ ವಿಮೆ ಸಹಾಯವಾಣಿ 14447ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದುಕೊಳ್ಳಿ, ಬೆಳೆ ವಿಮೆ ಆ್ಯಪ್‌ನಲ್ಲಿ ಫೋಟೊ ಹಾಕಿ. ಗದ್ದೆಯಲ್ಲಿ ನೀರು ನಿಂತಿರುವಾಗಲೇ ಮಾಡಿ, ಇಳಿಯಲಿ ಅಂತ ಕಾದರೆ 72 ಗಂಟೆ ದಾಟಿಹೋಗುತ್ತೆ.